ಪುಟ್ಟಸ್ವಾಮಿ ಕಟ್ಟಿದ ಬಿದಿರು ಚೌಕಟ್ಟು

ಹಗರೆಯ ಪುಟ್ಟಸ್ವಾಮಿಯ ಪ್ರಕಾರ ಲೋಕದಲ್ಲಿ ಮನೆ ಕಟ್ಟುವವರು ಅಂತ ಯಾರೂ ಇಲ್ಲ, ಸಾರುವೆ ಕಟ್ಟುವವರು ಮಾತ್ರ ಇದ್ದಾರೆ. ಗಾರೆಯವನು, ಇಂಜಿನಿಯರು, ಮನೆ ಯಜಮಾನ ಇವರೆಲ್ಲ ಅವನು ಬಿದಿರಿನ ಗಳ ನಿಲ್ಲಿಸಿ ಹಗ್ಗ ಬಿಗಿದ ಮೇಲೆ ಹತ್ತಿ ಹೋಗಿ ಹೆಸರು ಮಾಡಿಕೊಳ್ಳುವ ಜನ. ಬಸ್ಸಿನಲ್ಲಿ ಹೋಗುವಾಗ ಎರಡಂತಸ್ತಿನ ಮನೆ ಕಂಡರೆ ಕಿಟಕಿಯಿಂದಲೇ ಕೈ ತೋರಿಸಿ "ಅದು ನಮ್ದೇಯ" ಎನ್ನುತ್ತಿದ್ದ. ಪಕ್ಕದವರು ಯಾರೋ ಸಾಹುಕಾರನೆಂದು ತಿಳಿದು ಸರಿದು ಕೂರುತ್ತಿದ್ದರು.

ಅವನ ಹೆಮ್ಮೆಯೆಲ್ಲ ಗಂಟಿನಲ್ಲಿತ್ತು. "ನಾನು ಹಾಕಿದ ಗಂಟ ಬಿಚ್ಚೋಕೆ ಕುಡುಗೋಲೇ ಬೇಕು!" ಅದಕ್ಕೆ ಹೆಂಡತಿ ಕೆಂಪಲಕ್ಷ್ಮಮ್ಮ, "ಊಂ, ಅದಕ್ಕೇ ಹಸ ಕಟ್ಟೋಕೆ ನಿಮ್ಮನ್ನ ಬಿಡಾಕಿಲ್ಲ" ಎನ್ನುತ್ತಿದ್ದಳು. ಅಪ್ಪನಿಂದ ಬಂದ ಒಂದು ನಿಯಮವನ್ನು ಮಾತ್ರ ಅವನು ಎಂದೂ ಮುರಿದವನಲ್ಲ. ಬೇರೆಯವರು ಹತ್ತುವ ಮೊದಲು ಕಟ್ಟಿದವನೇ ಜೋತುಬಿದ್ದು ನೋಡಬೇಕು.

ಎರಡು ಸಾವಿರದ ಮೂರರ ಸುಮಾರಿಗೆ ಹಳೇಬೀಡಿನ ಗುರುಮೂರ್ತಿ ಅವನನ್ನು ಕರೆಸಿದ. ಸರ್ಕಾರಿ ನೌಕರ, ನಲವತ್ತರ ಹತ್ತಿರದ ವಯಸ್ಸು. ಹೆಂಡತಿ ನಂದಿತಾ ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಿದ್ದಳು. ಒಳಗಿನ ರೂಮಿನಲ್ಲಿ ಒಂದು ಚೌಕಟ್ಟು ಬೇಕು, ಎರಡು ಬದಿಗೂ ಕಾಲು, ಮೇಲೊಂದು ಅಡ್ಡಗಳ.

"ಎಷ್ಟು ಭಾರ ಹೊರಬೇಕು ಸಾರ್?"

"ಒಬ್ಬ ಮನುಷ್ಯನಷ್ಟು."

"ಉಯ್ಯಾಲೆಗಾ?"

"ಯೋಗಾಸನಕ್ಕೆ" ಎಂದು ಗುರುಮೂರ್ತಿ ಗೋಡೆಯ ಕ್ಯಾಲೆಂಡರಿಗೆ ಹೇಳಿದ.

"ಮನ್ಸ ಕೂರ್ತಾನೋ, ಜೋತಾಡ್ತಾನೋ ಹೇಳ್ಬುಡಿ ಸಾರ್. ಭಾರ ಒಂದೇ ಆದ್ರೂವೆ ಎಳೆತ ಬೇರೆ."

ಗುರುಮೂರ್ತಿಯ ಕಿವಿ ಕೆಂಪಾಯಿತು. ಹೊಲಿಗೆ ಮಿಷನ್ನಿನ ಹಿಂದಿನಿಂದ ನಂದಿತಾ ತಲೆಯೆತ್ತಿದಳು. "ಅವರು ಸುಳ್ಳು ಹೇಳ್ತಿದ್ದಾರೆ ಪುಟ್ಟಸ್ವಾಮಣ್ಣ. ಹಗ್ಗದಲ್ಲಿ ನನ್ನನ್ನ ಕಟ್ಟೋಕೆ. ಗಂಡ ಹೆಂಡ್ತಿ ನಡುವಿನ ಆಟ ಅದು. ಆಸೆ ನಂದೇ."

ಮೂವತ್ತು ವರ್ಷ ಸಾರುವೆ ಮೇಲೆ ನಿಂತು ಊರಿನ ಮಹಡಿ ಕಿಟಕಿಗಳನ್ನೆಲ್ಲ ನೋಡಿದ್ದ ಪುಟ್ಟಸ್ವಾಮಿ ತಾನು ಕಾಣದ್ದೇನೂ ಇಲ್ಲವೆಂದು ತಿಳಿದಿದ್ದ. ಈಗ ಟವೆಲಿನಲ್ಲಿ ಮುಖ ಒರೆಸಿಕೊಂಡು, "ಸಾರ್, ಒಂದ್ ಕಟ್ಟು ಬೀಡಿ ತಂದ್ಬುಡಿ" ಎಂದ. ಅವನು ಬೀಡಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಗುರುಮೂರ್ತಿ ಬಾಗಿಲು ದಾಟಿದ ಮೇಲೆ ಮೆಲ್ಲಗೆ ಕೇಳಿದ: "ತಾಯಿ, ನಂಗೂ ಹೆಣ್ಮಕ್ಕಳವ್ರೆ. ಹೊಡೀತಾರಾ? ಬಲವಂತ ಏನಾರಾ?"

ಅವಳು ಮಿಷನ್ ನಿಲ್ಲಿಸಿದಳು. "ಕೇಳಿದ್ದು ಒಳ್ಳೇದಾಯ್ತು. ಇಲ್ಲ. ನಾನು ಸಾಕು ಅಂದ್ರೆ ತಕ್ಷಣ ಬಿಚ್ಚಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ. ಅದು ನಮ್ಮಿಬ್ಬರ ಮೊದಲನೇ ಮಾತು. ಆದ್ರೆ ಹೋದ ತಿಂಗಳು ಕಿಟಕಿ ಸರಳಿಗೆ ಕಟ್ಟಿದ್ರು, ಸರಳೇ ಕಿತ್ಕೊಂಡು ಬಂತು. ಬಿದ್ದೆ." ಮೊಣಕೈಯ ಗಾಯ ಇನ್ನೂ ಪೂರ್ತಿ ಮಾಯ್ದಿರಲಿಲ್ಲ.

ತಾನು ಆಗುವುದಿಲ್ಲ ಎಂದರೆ ಇವರು ಇನ್ಯಾವುದೋ ಕೊಕ್ಕೆ ಹುಡುಕುತ್ತಾರೆ, ಈ ಹೆಣ್ಣುಮಗಳು ಮತ್ತೆ ಬೀಳುತ್ತಾಳೆ. ಪುಟ್ಟಸ್ವಾಮಿ ಒಪ್ಪಿಕೊಂಡ.

ಮನೆಗೆ ಬಂದು ಹೆಸರು ಹೇಳದೆ ಹೆಂಡತಿಯ ಮುಂದೆ ವಿಷಯ ತೆಗೆದ. ಹಾಲು ಕರೆಯುತ್ತಿದ್ದ ಕೆಂಪಲಕ್ಷ್ಮಮ್ಮ ನಕ್ಕು ಬಿದ್ದುಹೋಗುತ್ತಾಳೆಂದುಕೊಂಡಿದ್ದ. ಅವಳು ನಗಲಿಲ್ಲ. "ಆವಯ್ಯ ಹೆಂಡ್ತಿನ ಕೇಳಿ ಕಟ್ತಾನಾ?"

"ಕೇಳಿ ಕಟ್ತಾನಂತೆ."

"ನೀವು ನಂಗೆ ಮೂರು ಗಂಟು ಹಾಕ್ವಾಗ ಕೇಳಿದ್ರಾ?"

ಪುಟ್ಟಸ್ವಾಮಿಗೆ ಹಿತ್ತಿಲಲ್ಲಿ ತುರ್ತಾದ ಕೆಲಸವೊಂದು ನೆನಪಾಯಿತು.

ಬಲಿತ ಬಿದಿರನ್ನೇ ಆರಿಸಿದ. ಬಿರುಕಿದೆಯೇ ಎಂದು ತಟ್ಟಿ, ಕಿವಿಯಿಟ್ಟು ಕೇಳಿ, ಗೆಣ್ಣಿನ ಚೂಪನ್ನೆಲ್ಲ ಉಜ್ಜಿ ನುಣುಪು ಮಾಡಿದ. ಗುರುಮೂರ್ತಿಯ ಒಳಗಿನ ರೂಮಿನಲ್ಲಿ ಚೌಕಟ್ಟಿನ ಕಾಲುಗಳನ್ನು ಅಗಲಕ್ಕೆ ಹರಡಿ, ಅಡ್ಡಪಟ್ಟಿ ಕೊಟ್ಟು, ಅರಸೀಕೆರೆಯಿಂದ ತರಿಸಿದ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದ. ನಂತರ ಅದೇ ಹಗ್ಗದ ತುಂಡನ್ನು ತನ್ನ ಬಲಗೈಯ ಮಣಿಕಟ್ಟಿಗೆ ಸುತ್ತಿ, ಹೆಸರುವಾಸಿಯಾದ ಆ ಗಂಟು ಹಾಕಿ, ತುದಿಗಾಲಲ್ಲಿ ನಿಂತು ಇನ್ನೊಂದು ತುದಿಯನ್ನು ಅಡ್ಡಗಳಕ್ಕೆ ಬಿಗಿದ.

"ಮಣಿಕಟ್ಟಿನ ಮೇಲೆ ಭಾರ ಬಿಡಬಾರದು ಅಣ್ಣ" ಎಂದಳು ನಂದಿತಾ. "ನಾವ್ಯಾವತ್ತೂ ಹಾಗೆ ಮಾಡಲ್ಲ."

"ನೀವು ಓದಿರೋದು ತಾಯಿ, ನಾನು ಮಾಡಿರೋದು" ಎಂದವನೇ ಕಾಲೆತ್ತಿದ.

ಚೌಕಟ್ಟು ಕಿರ್ರೆನ್ನಲಿಲ್ಲ. ಆ ಸಂತೋಷಕ್ಕೆ ಜೋತಾಡುತ್ತಲೇ ಬಿದಿರಿನ ಗುಣಗಳ ಮೇಲೆ ಭಾಷಣ ಸುರು ಮಾಡಿದ. ಭಾಷಣ ಬೆಳೆದಂತೆ ಗಂಟು ಬಿಗಿಯುತ್ತ ಹೋಯಿತು. ಕಾಲು ಇಳಿಸಿದರೆ ತುದಿಬೆರಳಷ್ಟೇ ನೆಲಕ್ಕೆ ತಾಗಿತು. ಬೆರಳುಗಳು ಬೇರೆ ಯಾರವೋ ಆದಂತಿದ್ದವು. ಆದರೂ ಭಾಷಣ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಯಾಕೆಂದು ಹೇಳಬೇಕಲ್ಲ!

"ಪುಟ್ಟಸ್ವಾಮಣ್ಣ, ಹೆಬ್ಬೆರಳಿಗೆ ಕಿರುಬೆರಳು ಮುಟ್ಟಿಸಿ ನೋಡೋಣ."

ಮುಟ್ಟಲಿಲ್ಲ.

"ಬಿಗಿಯಾಯ್ತಾ?"

"ಪರ್ವಾಗಿಲ್ಲ ಬುಡಿ."

"ಪರವಾಗಿಲ್ಲ ಅನ್ನೋದು ಉತ್ತರ ಅಲ್ಲ. ಬಿಗಿಯಾಯ್ತಾ?"

ಮೂವತ್ತು ವರ್ಷ ಗಳದ ಮೇಲೆ ಬದುಕಿದವನನ್ನು ಯಾರೂ ಹೀಗೆ ಎರಡು ಸಲ ಕೇಳಿರಲಿಲ್ಲ. "ಆಗೈತೆ ತಾಯಿ" ಎಂದ. "ಸಾಕು."

ಗುರುಮೂರ್ತಿ ಓಡಿಬಂದು ಸೊಂಟ ಹಿಡಿದು ಎತ್ತಿದ. ನಂದಿತಾಳ ಕೈಗೆ ಎಟುಕುವಲ್ಲೇ ಮೈಗೆ ಚುಚ್ಚದಂತೆ ತುದಿ ಮೊಂಡು ಮಾಡಿದ ಹರಿತವಾದ ಕತ್ತರಿ ಇತ್ತು. ಬೇಲೂರು ಸೀಮೆಯಲ್ಲಿ ಯಾರೂ ಬಿಚ್ಚದ ಗಂಟು ಎರಡು ಸಲ ಕತ್ತರಿಸುವಷ್ಟರಲ್ಲಿ ನೆಲಕ್ಕೆ ಬಿತ್ತು. ಅವಳು ಅವನ ಕೈ ಉಜ್ಜುತ್ತ ಕೂತಳು, ಗಂಡ ನೀರು ತಂದ. ಯಾರೂ ನಗಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು.

ಜೋಮು ಇಳಿಯುವಾಗ ಅವನಿಗೆ ಅನ್ನಿಸಿತು: ಗಳಕ್ಕೆ ಗಳ ಕಟ್ಟುವ ಗಂಟು ಬಿಚ್ಚಬಾರದು. ಮನುಷ್ಯನಿಗೆ ಕಟ್ಟುವುದು ಬಿಚ್ಚದಿದ್ದರೆ ಅದು ಗಂಟೇ ಅಲ್ಲ. ಗಳ 'ಸಾಕು' ಅನ್ನುವುದಿಲ್ಲ.

ಎದ್ದವನೇ ಗರಗಸ ತೆಗೆದ. ಕಟ್ಟಿಸಿಕೊಂಡವರ ಪಾದ ಪೂರ್ತಿ ನೆಲಕ್ಕೆ ಊರುವಂತೆ ಚೌಕಟ್ಟಿನ ಕಾಲುಗಳನ್ನು ಗಿಡ್ಡ ಮಾಡಿದ. ನಂದಿತಾ ಮೆತ್ತನೆಯ ನೂಲಿನ ಹಗ್ಗ ತಂದು, ತುದಿ ಎಳೆದರೆ ಜಾರಿಬಿಡುವ ಗಂಟನ್ನು ತೋರಿಸಿದಳು. ಪುಟ್ಟಸ್ವಾಮಿಯ ಬೆರಳಿಗೆ ಅದು ಒಗ್ಗಲಿಲ್ಲ. "ಇದೇನ್ ಗಂಟು ತಾಯಿ, ನಾಚ್ಕೆ ಇಲ್ದೆ ಬಿಚ್ಕತದೆ" ಎಂದು ಗೊಣಗುತ್ತಲೇ ಮತ್ತೆ ಮತ್ತೆ ಹಾಕಿ ನೋಡಿದ. ಹೊರಡುವಾಗ ಗುರುಮೂರ್ತಿಯ ಕಡೆ ತಿರುಗಿ, "ಕಟ್ಬುಟ್ಟು ಅಂಗಡಿಗೆ ಗಿಂಗಡಿಗೆ ಹೋಗ್ಬೇಡಿ ಸಾರ್. ಪಕ್ಕದಲ್ಲೇ ಇರಿ" ಎಂದ.

ಆ ಮುಂದಿನ ವಾರ ಬೇಲೂರಿನಲ್ಲಿ ಗೋಡೆಗೆ ಬಣ್ಣ ಹೊಡೆಯುವ ಕೆಲಸ. ಅವನ ಹಳೆಯ ಜೊತೆಗಾರ ಸಣ್ಣಯ್ಯ ಬೆಳಗಿನಿಂದ ಸಾರುವೆಯ ಮೇಲಿದ್ದ. ಕೆಳಗೆ ನಿಂತ ಪುಟ್ಟಸ್ವಾಮಿ ಗಂಟಲು ಸರಿಮಾಡಿಕೊಂಡು ಕೂಗಿದ: "ಏನ್ಲಾ ಸಣ್ಣಯ್ಯ, ಹೆಂಗಿದ್ದೀಯಾ?"

ಸಣ್ಣಯ್ಯ ಗಾಬರಿಯಿಂದ ಗಳ ತಬ್ಬಿಕೊಂಡ. "ಯಾಕಣ್ಣ, ಗಳ ಬಿರುಕು ಬುಟ್ಟೈತಾ?"

"ಇಲ್ಲ ಕಣ್ಲಾ, ಸುಮ್ನೆ ಕೇಳ್ದೆ."

"ಸುಮ್ನೆ ಯಾರ್ ಕೇಳ್ತಾರೆ!" ಎನ್ನುತ್ತ ತಡಬಡಿಸಿ ಇಳಿದುಬಂದ. ನೆಲ ಮುಟ್ಟಿದವನೇ ಕುಕ್ಕರಿಸಿ ಕೂತು ಎಡಗಾಲು ತಿಕ್ಕತೊಡಗಿದ.

"ಏನಾಯ್ತ್ಲಾ?"

"ಆವಾಗಿಂದ ಕಾಲು ಮರಗಟ್ಟೈತೆ ಅಣ್ಣ."

"ಹೇಳ್ಬಾರ್ದಿತ್ತಾ?"

"ನೀನ್ ಯಾವತ್ತು ಕೇಳಿದ್ದೆ?"

ಪುಟ್ಟಸ್ವಾಮಿ ಮಗ್ಗುಲಲ್ಲಿ ಕೂತು ಆ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ.