ಅಗಿಯದೆ ನುಂಗಿದ ಮುದ್ದೆ

ಆ ಮಂಗಳವಾರ ಮುದ್ದೆ, ಬಸ್ಸಾರು. ಹಾಸನದ ಹೊರಗಿರುವ ಈ ಹಿರಿಯರ ವಸತಿಯಲ್ಲಿ ವಾರಕ್ಕೆ ಎರಡೇ ದಿನ ಮುದ್ದೆ. ಆ ಎರಡು ದಿನ ನಮ್ಮ ಯಜಮಾನರು ಬೆಲ್ ಹೊಡೆಯುವ ಮುಂಚೆಯೇ ಊಟದ ಹಾಲಿನಲ್ಲಿ ಕೂತಿರುತ್ತಿದ್ದರು, ತಮ್ಮೂರು ದುದ್ದದ ಮನೆಯಿಂದ ತಂದ, ತಾವು ಉಣ್ಣುವ ಕಂಚಿನ ಗಂಗಳ ಮುಂದಿಟ್ಟುಕೊಂಡು. ಇಲ್ಲಿ ಕೊಡುವುದು ಗುಳಿ ಗುಳಿ ಮಾಡಿದ ಸ್ಟೀಲ್ ತಟ್ಟೆ. ಅದರಲ್ಲಿ ಮುದ್ದೆ ಉರುಳಿಸಲು ಜಾಗವೆಲ್ಲಿ ಎಂದು ಅವರ ತಕರಾರು.

ನಮಗೆ ಮಕ್ಕಳಿಲ್ಲ. ಗೊರೂರಿನಲ್ಲಿ ಅವರ ನೀರಾವರಿ ನೌಕರಿ ಮುಗಿದ ಮೇಲೆ ಹೊಳೆನರಸೀಪುರದಲ್ಲಿ ಕೆಲವು ವರ್ಷ ಬಾಡಿಗೆಗಿದ್ದು, ನಾವಾಗಿಯೇ ಇಲ್ಲಿಗೆ ಬಂದೆವು. ಇಲ್ಲಿ ಮೂರು ಹಂತ. ಕೈಕಾಲು ಗಟ್ಟಿ ಇರುವವರಿಗೆ ಮುಂದಿನ ಸಾಲಿನ ಪುಟ್ಟ ಮನೆಗಳು. ಸ್ನಾನಕ್ಕೆ, ಊಟಕ್ಕೆ ಜನ ಬೇಕಾದವರಿಗೆ ನಡುವಿನ ಕಟ್ಟಡ. ಹಾಸಿಗೆ ಹಿಡಿದವರಿಗೆ ಹಿಂದಿನದು. ಯಾರನ್ನಾದರೂ ಹಿಂದಕ್ಕೆ ಸಾಗಿಸುವುದು ಕಂಡರೆ ಇವರು, "ಪ್ರಮೋಷನ್ ಆಯ್ತು ಕಣೇ, ಪಾಪ" ಎನ್ನುತ್ತಿದ್ದರು.

ಅವತ್ತು ನಮ್ಮ ಮೇಜಿನ ಪಕ್ಕ ಒಬ್ಬ ಹುಡುಗಿ ಫೈಲು ಹಿಡಿದು ನಿಂತಿದ್ದಳು. ಯಾರು ಯಾವ ಹಂತದಲ್ಲಿರಬೇಕು ಎಂದು ನೋಡಿ ಬರೆಯುವ ಕೆಲಸ ಅವಳದು. ಬೇರೆ ಸೀಮೆಯಿಂದ ಹೊಸದಾಗಿ ಬಂದವಳು. ಇವರು ಮುದ್ದೆ ಮುರಿದು, ಸಾರಿನಲ್ಲಿ ಉರುಳಿಸಿ, ಗುಳುಕ್ಕನೆ ನುಂಗಿದರು.

"ತಾತ, ನೀವು ಅಗಿಯೋದೇ ಇಲ್ವಾ?"

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ನಲವತ್ತು ವರ್ಷದಿಂದ ನೋಡ್ತಿದ್ದೀನಮ್ಮ, ಇವರು ಏನನ್ನೂ ಅಗಿದೋರಲ್ಲ. ಬಿಟ್ರೆ ನನ್ನೂ ಹಂಗೇ ನುಂಗ್ತಾರೆ" ಎಂದೆ.

ಇವರಿಗೆ ನಗು ತಡೆಯಲಿಲ್ಲ. ನೆತ್ತಿಗೆ ಹತ್ತಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. "ಇವಳ ಬಾಯಿಗೊಂದು ಬೀಗ ಹಾಕ್ರವ್ವಾ" ಎಂದು ಮತ್ತೆ ನಕ್ಕರು. ಹುಡುಗಿ ನಗಲಿಲ್ಲ. ಬರೆದುಕೊಂಡಳು.

ಮಾರನೆಯ ದಿನ ಇವರನ್ನು ನಡುವಿನ ಕಟ್ಟಡಕ್ಕೆ ಕರೆದುಕೊಂಡು ಹೋದರು. ನುಂಗುವ ತೊಂದರೆ ಇದೆ, ಉಸಿರು ಕಟ್ಟಬಹುದು, ಒಂದು ತಿಂಗಳು ಮೆತ್ತಗಿನ ಊಟ ಕೊಟ್ಟು ಮತ್ತೆ ನೋಡುತ್ತೇವೆ ಎಂದರು. ಆ ಕೆಮ್ಮು ಕಂಡು ನಾನೂ ಹೆದರಿದ್ದೆ. ತೋರಿಸಿದ ಕಡೆ ಸೈನ್ ಹಾಕಿದೆ.

ಅಲ್ಲಿ ಎಲ್ಲವನ್ನೂ ಮಿಕ್ಸಿಗೆ ಹಾಕಿ ಕೊಡುತ್ತಾರೆ. ಅನ್ನ, ಸಾರು, ಪಲ್ಯ ಎಲ್ಲಕ್ಕೂ ಒಂದೇ ಬಣ್ಣ. ತಮ್ಮ ಗಂಗಳದಲ್ಲಾದರೂ ಉಣ್ಣಲಿ ಎಂದು ಅದನ್ನು ಕಳಿಸಿದೆ. ಅಲ್ಲಿನವರು ಪ್ಲಾಸ್ಟಿಕ್ ಬಟ್ಟಲಿನಲ್ಲೇ ಕೊಟ್ಟರು. "ಆ ಅನ್ನಿ ತಾತ, ಗುಡ್ ಬಾಯ್" ಎಂದು ನರ್ಸ್ ಚಮಚ ಹಿಡಿದದ್ದನ್ನು ನಾನೇ ನೋಡಿದೆ. ಮೂವತ್ತು ವರ್ಷ ನಾಲೆಯ ತೂಬು ಕಾದ ಮನುಷ್ಯ. ಬಾಯಿ ತೆರೆಯಲಿಲ್ಲ.

ಅಲ್ಲಿನ ಆಯಾ ಅರಕಲಗೂಡಿನ ಕಡೆಯವಳು. ನನ್ನನ್ನು ಬಾಗಿಲ ಮರೆಗೆ ಕರೆದು, "ಮುದ್ದೆಯ ಯಾರವ್ವಾ ಅಗೀತಾರೆ? ಅಗಿದ್ರೆ ಬಾಯ್ಗೆಲ್ಲ ಅಂಟ್ಕತದೆ. ಒಸಿ ತಿಳೀವಂಗೆ ಯೋಳ್ಬಾರ್ದಾ ಇವ್ರಿಗೆ?" ಎಂದಳು.

ಹೋಗಿ ಮ್ಯಾನೇಜರಿಗೆ ಅದನ್ನೇ ಹೇಳಿದೆ. ಅವರು ಫೈಲು ತಿರುಗಿಸಿ ತೋರಿಸಿದರು: ನಲವತ್ತು ವರ್ಷಗಳಿಂದ ಅಗಿಯುವುದಿಲ್ಲ, ಪತ್ನಿಯ ಹೇಳಿಕೆ.

"ನೀವೇ ಹೇಳಿರೋದಲ್ವಾ ಅಮ್ಮ?"

"ತಮಾಷೆಗೆ ಅಂದಿದ್ದು ಸಾರ್."

"ತಮಾಷೆಗೆ ಇದರಲ್ಲಿ ಕಾಲಂ ಇಲ್ಲಮ್ಮ. ತಿಂಗಳಾಗಲಿ, ನೋಡೋಣ."

ಒಂದು ದಿನ ನನ್ನ ಒಲೆಯಲ್ಲೇ ಮುದ್ದೆ ತಿರುವಿ, ಬಿಸಿ ಆರದಂತೆ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ನರ್ಸ್ ಬಾಗಿಲಲ್ಲೇ ಮುಚ್ಚಳ ತೆಗೆಸಿ, ಇದನ್ನು ಒಳಗೆ ಬಿಡುವುದಿಲ್ಲ ಎಂದಳು. ಮಂಚದಿಂದ ಇವರು, "ವಾಸ್ನೆ ಬಂತು ಕಣೇ. ಸಾಕು, ಓಗು" ಎಂದರು. ಆ ಮುದ್ದೆಯನ್ನು ನಾನೂ ಉಣ್ಣಲಿಲ್ಲ.

ತಿಂಗಳಾದ ಮೇಲೆ ಹುಡುಗಿ ಮತ್ತೆ ಬಂದಳು. ಸರಿಯಾಗಿ ಉಣ್ಣದೆ ಇವರ ಕಾಲು ನಡುಗುತ್ತಿತ್ತು. ನುಂಗುತ್ತಾರೋ ಇಲ್ಲವೋ ಎಂದು ಈ ಸಲ ಅವಳು ನೋಡಲೇ ಇಲ್ಲ. ನಿಲ್ಲಲಾರರು ಎಂದು ಹಿಂದಿನ ಕಟ್ಟಡಕ್ಕೆ ಬರೆದಳು. ಆಗ ಇವರು ಪ್ರಮೋಷನ್ನಿನ ಮಾತು ಆಡಲಿಲ್ಲ. ಇಪ್ಪತ್ತು ದಿನಕ್ಕೆ ತೀರಿಕೊಂಡರು.

ಊಟದ ಹಾಲಿನಲ್ಲಿ ಇವರ ಫೋಟೊಗೆ ಹಾರ ಹಾಕಿದರು. ಹುಡುಗಿ ನನ್ನ ಕೈ ಹಿಡಿದು, "ನೆಮ್ಮದಿಯಾಗಿ ಹೋದರು ಅಜ್ಜಿ" ಎಂದಳು.

"ಹಸಿದುಕೊಂಡು ಹೋದರು" ಎಂದು ಕೈ ಬಿಡಿಸಿಕೊಂಡೆ. ಅವಳನ್ನು ನಾನು ಕ್ಷಮಿಸಿಲ್ಲ. ಈಗಲೂ ಎದುರಿಗೆ ಬಂದರೆ ಮುಖ ತಿರುಗಿಸುತ್ತೇನೆ. ನನ್ನ ನಾಲಗೆಯನ್ನೂ ಕ್ಷಮಿಸಿಲ್ಲ, ಆದರೆ ಅದರಿಂದ ಮುಖ ತಿರುಗಿಸಲು ಆಗುವುದಿಲ್ಲ.

ತಿಥಿಗೆ ಎಡೆ ಇಡಬೇಕಿತ್ತು. ಹಿಂದಿನ ಕಟ್ಟಡದಿಂದ ಒಂದು ಚೀಲ ಕಳಿಸಿದ್ದರು. ಅದರಲ್ಲಿ ಕನ್ನಡಕ, ಸ್ವೆಟರ್, ಚಪ್ಪಲಿ, ಹಲ್ಲುಜ್ಜುವ ಬ್ರಷ್ ಇದ್ದವು. ಗಂಗಳ ಇರಲಿಲ್ಲ. ಕೇಳಿದರೆ ನಡುವಿನ ಕಟ್ಟಡದವರು ಹಿಂದಿನವರನ್ನು ತೋರಿಸಿದರು, ಹಿಂದಿನವರು ಅಡುಗೆಯವರನ್ನು ತೋರಿಸಿದರು. ಮುದ್ದೆಯನ್ನು ಬಾಳೆ ಎಲೆಯ ಮೇಲೆ ಇಟ್ಟೆ. ಸಾರು ಹರಿದು ನೆಲಕ್ಕೆ ಹೋಯಿತು.

ಅವರ ಗಂಗಳ ಇನ್ನೂ ಸಿಕ್ಕಿಲ್ಲ.