ದೊಡ್ಡಪಾಲಯ್ಯ ಚೆಲ್ಲದ ನೀರು

ಬೇಸಿಗೆಯಲ್ಲಿ ಗುಡ್ಡ ಸುತ್ತಿ ಬಂದರೆ ಮೈ ಹಗುರಾಗುತ್ತದೆ ಎಂದವರು ನಮ್ಮ ತಮ್ಮನ ಕ್ಯಾರವಾನ್ ಹತ್ತಿರಲಿಕ್ಕಿಲ್ಲ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ತಮ್ಮ ಚಂದ್ರಶೇಖರ್ ಹಳೇ ಮಿನಿ ಬಸ್ಸೊಂದನ್ನು ಕೊಂಡು, ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಕೂರಿಸಿದ್ದ. ತಿರುವು ಬಂದಾಗಲೆಲ್ಲ ಪಾತ್ರೆಗಳು ಉರುಳುತ್ತಿದ್ದವು, ಅವುಗಳ ಜೊತೆ ಅರವತ್ತೈದು ದಾಟಿದ ನಾನೂ. ಎರಡನೇ ದಿನಕ್ಕೇ ನನಗೆ ಸಾಕಾಗಿತ್ತು.

ಗಾಡಿ ಓಡಿಸುತ್ತಿದ್ದವನು ತಳಕು ಊರಿನ ದೊಡ್ಡಪಾಲಯ್ಯ. ಮೂವತ್ತೊಂದು ವರ್ಷದ ಹಿಂದೆ ನಮ್ಮ ಮಿಲ್ಲಿನ ಲಾರಿಗೆ ಕ್ಲೀನರಾಗಿ ಸೇರಿದವನು. ಗಾಡಿಯ ಮೈಗೆ ಎರಡು ಸಲ ತಟ್ಟಿ 'ರೈಟ್' ಅನ್ನುತ್ತಿದ್ದವನು ಒಮ್ಮೆ ಸ್ಟೇರಿಂಗ್ ಹಿಡಿದ ಮೇಲೆ ಬೇರೆಯವರಿಗೆ ಬಿಟ್ಟುಕೊಟ್ಟದ್ದೇ ಇಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಅವನಿಗೆ ಉಳಿದದ್ದು ಅದೊಂದೇ. ಈಗ ಮಂಡಿ ನೋವು, ಕಣ್ಣೂ ಅಷ್ಟಕ್ಕಷ್ಟೆ. ಹೊರಡುವ ಮುಂಚೆ ಚಂದ್ರಶೇಖರ್ ಎಲ್ಲರೆದುರೇ ಹೇಳಿದ್ದ: "ಈ ಸಲ ಏನಾದ್ರೂ ಎಡವಟ್ಟಾದ್ರೆ ಕೀ ಮಾರುತೇಶನ ಕೈಗೆ ಕೊಡ್ತೀನಿ ನೋಡು."

"ಆಗಲ್ಲ ಬಿಡ್ರಿ," ಎಂದಿದ್ದ ದೊಡ್ಡಪಾಲಯ್ಯ. ಮಾರುತೇಶ ಇಪ್ಪತ್ತೆಂಟರ ಹೊಸ ಡ್ರೈವರು.

ಗಾಡಿಯ ಅಡಿಯಲ್ಲಿ ಎರಡು ಟ್ಯಾಂಕು. ಒಂದರಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ನಾವು ಮಿಂದು, ಪಾತ್ರೆ ತೊಳೆದು ಬಿಟ್ಟ ನೀರು. ದಿನಾ ಬೆಳಿಗ್ಗೆ ಒಂದನ್ನು ತುಂಬಿಸಬೇಕು, ಇನ್ನೊಂದನ್ನು ಖಾಲಿ ಮಾಡಬೇಕು. ಮೂರನೇ ಬೆಳಿಗ್ಗೆ ನೋಡುತ್ತೇನೆ, ದೊಡ್ಡಪಾಲಯ್ಯ ಪೈಪು ಹಿಡಿದು ಮಲೆನಾಡಿನ ಮರಗಳ ನಡುವೆ ಸುಮ್ಮನೆ ನಿಂತಿದ್ದಾನೆ.

"ಯಾಕೋ, ನಿನ್ನೆಯದನ್ನೂ ಬಿಟ್ಟಿಲ್ವಾ?" ಎಂದೆ.

"ಯಾವ ಗಿಡಕ್ಕೆ ಬಿಡ್ಲಿ ಮುರುಗೇಂದ್ರಪ್ಪನೋರೇ? ರಾತ್ರಿ ಮಳೆಗೆ ಎಲ್ಲಾ ತೋಯ್ದೈತೆ. ಬರೀ ನೆಲಕ್ಕೆ ಹೆಂಗ್ ಚೆಲ್ಲೋದು? ಒಣಗಿರೋ ಗಿಡ ಒಂದು ಸಿಗ್ಲಿ ತಡೀರಿ."

ಮಳೆ ಅಪರೂಪದ ನಮ್ಮ ಕಡೆ ಮುಖ ತೊಳೆಯುವುದಿದ್ದರೂ ನುಗ್ಗೆ ಗಿಡದ ಬುಡದಲ್ಲೇ ನಿಲ್ಲುತ್ತೇವೆ. ಅವನ ಮಾತು ನನಗೆ ಸರಿಯಾಗಿಯೇ ಕೇಳಿಸಿತು. ನಕ್ಕೆ, ಒಳಗೆ ಹೋಗಿ ಕಾಫಿ ಕುಡಿದೆ. ಟ್ಯಾಂಕಿನ ತೂಕ ನನಗೂ ಹೊಳೆಯಲಿಲ್ಲ.

ಅದೇ ದಿನ ಕೆಮ್ಮಣ್ಣುಗುಂಡಿಯ ಏರಿನಲ್ಲಿ ಒಂದು ತಿರುವಿಗೆ ಗಾಡಿ ಉಸಿರುಕಟ್ಟಿ ನಿಂತಿತು. ಕ್ಲಚ್ ಸುಟ್ಟ ವಾಸನೆ. ಗಾಡಿ ಒಂದು ಮಾರು ಹಿಂದಕ್ಕೆ ಜಾರಿತು. ದೊಡ್ಡಪಾಲಯ್ಯ ಬ್ರೇಕಿನ ಮೇಲೆ ನಿಂತೇಬಿಟ್ಟ. ನಾವು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆವು. ಚಂದ್ರಶೇಖರ್ ಬಗ್ಗಿ ನೋಡಿದರೆ ಕೊಳೆ ನೀರಿನ ಟ್ಯಾಂಕು ಕಂಠಮಟ್ಟ ತುಂಬಿದೆ.

"ಇದೇನಯ್ಯಾ, ಎರಡು ದಿನದ ಬಚ್ಚಲು ನೀರು ಹೊತ್ಕೊಂಡು ಗುಡ್ಡ ಹತ್ತಿಸ್ತಿದೀಯಾ?"

ದೊಡ್ಡಪಾಲಯ್ಯ ತಾನೇ ನಲ್ಲಿ ತಿರುಗಿಸಿದ. ನೀರು ಡಾಂಬರಿನ ಮೇಲೆ ಹರಿದು, ಮೊದಲೇ ಹರಿಯುತ್ತಿದ್ದ ಚರಂಡಿಗೆ ಸೇರಿತು. ಅದು ಮುಗಿಯುವವರೆಗೂ ಅವನು ನೋಡುತ್ತ ನಿಂತ. 'ನೀರು ಬಿಟ್ಟಿಲ್ಲ ಅಂತ ನನಗೆ ಗೊತ್ತಿತ್ತು, ನಾನೇ ಹೇಳಬೇಕಿತ್ತು' ಅನ್ನುವ ಮಾತು ನನ್ನ ಬಾಯಿಗೆ ಬಂತು, ಹೊರಗೆ ಬರಲಿಲ್ಲ. ತಮ್ಮನ ಸಿಟ್ಟಿಗೆ ಅಂಜಿದೆನೋ, ದಣಿದಿದ್ದೆನೋ. ಈಗ ನೆನೆದರೆ ನಾಚಿಕೆಯಾಗುತ್ತದೆ. ಚಂದ್ರಶೇಖರ್ ಕೈ ಚಾಚಿದ. ದೊಡ್ಡಪಾಲಯ್ಯ ಕೀ ಕೊಟ್ಟ.

ಇಂಜಿನ್ ತಣ್ಣಗಾದ ಮೇಲೆ ತಮ್ಮನೇ ಗಾಡಿ ತಿರುಗಿಸಿದ. ರಾತ್ರಿ ದಾರಿಯಲ್ಲಿ ತಂಗಿ, ಮರುದಿನ ಊರ ಕಡೆ ಹೊರಟೆವು. ದೊಡ್ಡಪಾಲಯ್ಯ ಹಿಂದಿನ ಸೀಟಿನಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಕೂತಿದ್ದ.

ಅವನನ್ನು ಇಳಿಸಲು ತಳಕಿಗೇ ಹೋದೆವು. ಮನೆ ಮುಂದೆ ಮೊಣಕಾಲುದ್ದದ ಬೇವಿನ ಸಸಿ, ಸುತ್ತ ಮುಳ್ಳು ಕಟ್ಟಿದ್ದ. ಎಲೆ ಜೋತಿತ್ತು.

"ನಿನ್ನೆ ಇವತ್ತಿಂದು ಒಂದಿಷ್ಟು ನೀರೈತೆ. ಇದಕ್ಕೆ ಬಿಡ್ಲಾ?" ಎಂದು ಕೇಳಿದ.

ಚಂದ್ರಶೇಖರ್ ಮುಂದಿನ ಗಾಜನ್ನೇ ನೋಡುತ್ತ, ಬಿಡು ಎನ್ನುವಂತೆ ತಲೆಯಾಡಿಸಿದ. ದೊಡ್ಡಪಾಲಯ್ಯ ಮಂಡಿಯೂರಿ, ಪೈಪಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಮಣ್ಣು ಕೊಚ್ಚಿಹೋಗದಂತೆ ನಿಧಾನ ಬಿಟ್ಟ. ನೆಲ ಪೂರ್ತಿ ಕುಡಿಯಿತು. ಆಮೇಲೆ ಪೈಪು ಸುತ್ತಿಟ್ಟು, ನಲ್ಲಿ ಬಿಗಿ ಮಾಡಿ, ಎದ್ದು ಗಾಡಿಯ ಹಿಂಬದಿಗೆ ಬಂದ.

ಎರಡು ಸಲ ತಟ್ಟಿದ. "ರೈಟ್," ಎಂದ.