ಸಾಬಣ್ಣನ ಮುಂದಿನ ಗಾಲಿ

ಪಂಕ್ಚರ್ ಹಾಕುವ ಸೊಲ್ಯೂಷನ್ನಿನ ವಾಸನೆ ಬಡಿದರೆ ನನ್ನ ತಲೆ ತಾನೇ ತಗ್ಗುತ್ತದೆ. ನಿನ್ನೆ ಮೊಮ್ಮಗಳ ಸೈಕಲ್ ಹಿಡಿದು ಶಹಾಪುರದ ಅಂಗಡಿಗೆ ಹೋದಾಗಲೂ ಹಾಗೇ ಆಯಿತು. ಮುದುಕನಿಗೆ ತಲೆಸುತ್ತು ಬಂತೆಂದು ಅಂಗಡಿಯವನು ನೀರು ಕೊಟ್ಟ. ಕುಡಿದೆ, ಅದು ತಲೆಸುತ್ತಲ್ಲ, ನಾಚಿಕೆ ಎಂದು ಅವನಿಗೇನು ಹೇಳಲಿ?

ನಿಜಾಮರ ಆಳ್ವಿಕೆಯ ಕಡೆಯ ದಿನಗಳು. ಯಾದಗಿರಿ ಸ್ಟೇಷನ್ನಿನ ಎದುರು ನನ್ನ ಗೆಳೆಯ ಸಾಬಣ್ಣ ಬಾಡಿಗೆ ಸೈಕಲ್ ಇಟ್ಟುಕೊಂಡು ಪಂಕ್ಚರ್ ಹಾಕುತ್ತಿದ್ದ. ರೈಲಿನಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆಯ ಚಿತ್ರವೊಂದು ಅವನ ಅಂಗಡಿಯ ಗೋಡೆಯ ಮೇಲಿತ್ತು. ಫ್ರಾನ್ಸ್ ದೇಶದ ಪಂದ್ಯಗಾರನೊಬ್ಬ, ಮುಂದಿನ ಗಾಲಿಯೇ ಇಲ್ಲದ ಸೈಕಲ್ ಪಕ್ಕಕ್ಕಿಟ್ಟು ರಸ್ತೆಬದಿಯ ಕಟ್ಟೆಯ ಮೇಲೆ ಕುಳಿತಿದ್ದ. ಸ್ಟೇಷನ್ ಮಾಸ್ತರರಿಂದ ಓದಿಸಿಕೊಂಡು ಸಾಬಣ್ಣ ಅವನ ಬದುಕನ್ನೆಲ್ಲ ಬಾಯಿಪಾಠ ಮಾಡಿದ್ದ. ವರ್ಷಗಟ್ಟಲೆ ಗುಡ್ಡದ ರಸ್ತೆಗಳಲ್ಲಿ ಪೆಡಲ್ ತುಳಿದನಂತೆ. ತಂಡದ ನಾಯಕನ ಗಾಲಿ ಮುರಿದಾಗ ತನ್ನದನ್ನೇ ಬಿಚ್ಚಿ ಕೊಟ್ಟನಂತೆ. ದೊಡ್ಡ ಪಂದ್ಯ ಒಂದನ್ನೂ ಗೆಲ್ಲದೆ ಕಡೆಗೆ ಊರಿಗೆ ಹೋಗಿ ಸೈಕಲ್ ಅಂಗಡಿ ಹಾಕಿದನಂತೆ.

“ಹುಚ್ಚ ಇದ್ದಾನ ನಿನ್ನ ಫ್ರಾನ್ಸಿನಾಂವ,” ಎಂದು ನಾನು ನಗುತ್ತಿದ್ದೆ.

“ನಗು. ಗಾಲಿ ಕೊಟ್ಟಾಂವನ್ನ ಯಾರರ ನೆನಸ್ಬೇಕಲ್ಲ, ಅದಕ್ಕ ಗ್ವಾಡಿಗಿ ಹಚ್ಚೀನಿ,” ಎನ್ನುತ್ತಿದ್ದ.

ಆ ಬೇಸಿಗೆಯಲ್ಲಿ ಸುರಪುರದ ಸರಕಾರಿ ಕಚೇರಿಗೆ ಸೈಕಲ್ ಮೇಲೆ ಕಾಗದ ಒಯ್ಯಲು ಚಪರಾಸಿ ಬೇಕಾಯಿತು. ಯಾದಗಿರಿಯಿಂದ ಹೊರಟು ಸುರಪುರವನ್ನು ಮೊದಲು ಮುಟ್ಟಿದವನಿಗೆ ನೌಕರಿ. ನೌಕರಿ ಸಿಕ್ಕರೆ ಮಾತ್ರ ಮಗಳನ್ನು ಕೊಡುವುದಾಗಿ ದೇವಾಪುರದ ಹೆಣ್ಣಿನ ತಂದೆ ನನಗೆ ಖಡಾಖಂಡಿತ ಹೇಳಿದ್ದರು. ಸಾಬಣ್ಣನೂ ಹೆಸರು ಕೊಟ್ಟಿದ್ದ. ಬಾಡಿಗೆ ಸೈಕಲ್ಲಿನಿಂದ ಅವನ ಹೊಟ್ಟೆ ತುಂಬುತ್ತಿರಲಿಲ್ಲ.

ಭೀಮಾ ನದಿಯ ಮರಳಿನಲ್ಲಿ ಸೈಕಲ್ ಹೊತ್ತು ದಾಟಿದೆವು. ಶಹಾಪುರ ಬಿಡುವಾಗ ಎಲ್ಲರಿಗಿಂತ ಮುಂದಿದ್ದವರು ನಾವಿಬ್ಬರೇ. ಅಷ್ಟರಲ್ಲಿ ಕಲ್ಲಿಗೆ ಬಡಿದು ನನ್ನ ಮುಂದಿನ ಗಾಲಿ ಸೊಟ್ಟಾಯಿತು. ಮುಂದೆ ಹೋಗಿದ್ದ ಸಾಬಣ್ಣ ತಿರುಗಿ ಬಂದ. ಪಾನಾ ತೆಗೆದು ತನ್ನ ಗಾಲಿ ಬಿಚ್ಚಿ ನನ್ನ ಸೈಕಲ್ಲಿಗೆ ಹಾಕಿದ.

“ಹೋಗಲೇ, ದೇವಾಪುರದಾಕಿ ಕಾಯಾಕತ್ತಾಳ.”

ನಾನು ಬಾಯಿಮಾತಿಗೂ ಬೇಡ ಎನ್ನಲಿಲ್ಲ. ಹಿಂತಿರುಗಿಯೂ ನೋಡಲಿಲ್ಲ. ನೌಕರಿ ಬಂತು, ಹೆಂಡತಿ ಬಂದಳು. ಹೇಗೆ ಗೆದ್ದೆ ಎಂದವರಿಗೆಲ್ಲ ನನ್ನ ತೊಡೆಯ ಬಲವನ್ನೇ ಹೊಗಳಿಕೊಂಡೆ. ಪಕ್ಕದಲ್ಲೇ ನಿಂತಿದ್ದರೂ ಸಾಬಣ್ಣ ತುಟಿ ಬಿಚ್ಚಲಿಲ್ಲ. ಫ್ರಾನ್ಸಿನವನ ಕಥೆಯನ್ನು ಮಾತ್ರ ನನ್ನೆದುರು ಮತ್ತೆಂದೂ ಹೇಳಲಿಲ್ಲ. ಅವನು ತೀರಿಕೊಂಡು ಹತ್ತು ವರ್ಷವಾಯಿತು.

ನಿನ್ನೆ ಅಂಗಡಿಯಿಂದ ಬಂದವನೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ನನ್ನ ಗೆಲುವನ್ನು ಊರಿಗೆಲ್ಲ ಸಾರಿದವಳು ಅವಳು. ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟು ಕೇಳಿದಳು.

“ಆ ಗಾಲಿ ತಿರುಗಿ ಕೊಟ್ಟೀರೇನ್ರಿ?”

ಕೊಟ್ಟಿರಲಿಲ್ಲ. ಅದರ ಮೇಲೆಯೇ ಆರು ವರ್ಷ ನೌಕರಿ ಮಾಡಿದ್ದೆ. ಸವೆದ ಮೇಲೆ ಗುಜರಿಗೆ ಹಾಕಿದವನೂ ನಾನೇ.